ಮೇಷ್ಟ್ರ ತಂಡಕ್ಕೆ ಹೊಸ ನಾಯಕ

ವೃತ್ತ ಎಳೆಯಲು ಮೇಷ್ಟ್ರು ಮೊಮ್ಮಗಳ ಜ್ವರದ ಔಷಧಿಯ ಬಾಟಲಿಯ ಮುಚ್ಚಳವನ್ನು ಬಳಸುತ್ತಿದ್ದರು. ಮುಚ್ಚಳವನ್ನು ನೋಟ್‌ಬುಕ್ಕಿನ ಮೇಲಿಟ್ಟು, ಎಡಗೈಯ ಎರಡು ಬೆರಳಲ್ಲಿ ಒತ್ತಿ ಹಿಡಿದು, ಸುತ್ತಲೂ ಕೆಂಪು ಪೆನ್ಸಿಲ್ ಆಡಿಸಿ, ಒಳಗೆ ‘ನಾ’ ಎಂದು ಬರೆಯುತ್ತಿದ್ದರು. ನಾಯಕನ ಹೆಸರಿನ ಮುಂದೆ ಮಾತ್ರ ಆ ಗುರುತು. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಅದು ಒಂದೇ ಹೆಸರಿನ ಮುಂದಿತ್ತು. ಆಮೇಲೆ ಒಂದು ಬೆಳಿಗ್ಗೆ ಆ ಹೆಸರಿನ ಮೇಲೆ ಸ್ಕೇಲ್ ಇಟ್ಟು ಗೆರೆ ಹೊಡೆದು, ನಾಲ್ಕು ಸಾಲು ಕೆಳಗೆ ಹೊಸದಾಗಿ ಬರೆದ ಇನ್ನೊಂದು ಹೆಸರಿನ ಮುಂದೆ ಮುಚ್ಚಳವನ್ನಿಟ್ಟರು. ನಾನು ಎದುರಿಗೆ ಕುಳಿತು ಕಾಫಿ ಕುಡಿಯುತ್ತಿದ್ದೆ.

ಕೋವಿಡ್ ಬಂದ ವರ್ಷ ನಾನು ಡಬ್ಲಿನ್ನಿನ ಹೊರವಲಯದ ಆಡಮ್ಸ್‌ಟೌನ್‌ನ ಒಂದು ಮನೆಯ ಮೂರನೆಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆ ನನ್ನ ಕಾಲೇಜಿನ ಸೀನಿಯರ್ ಒಬ್ಬಳದು. ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳ ಗಂಡನನ್ನು ಭಾವ ಎನ್ನುತ್ತಿದ್ದೆ. ಅವರಿಗೆ ಮೂರೂವರೆ ವರ್ಷದ ಮಗಳು. ಎದುರು ಕೋಣೆಯಲ್ಲಿ ಆ ಮಗುವಿನ ಜೊತೆ ಭಾವನ ತಂದೆ ಮಲಗುತ್ತಿದ್ದರು. ಮೈಸೂರಿನ ಒಂದು ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದು ನಿವೃತ್ತರಾದವರು. ಭಾನುವಾರಗಳಲ್ಲಿ ಕ್ರಿಕೆಟ್ ಪಂದ್ಯಗಳಿಗೆ ಅಂಪೈರ್ ಆಗಿ ನಿಂತವರು. ಎಲ್ಲರೂ ಅವರನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು, ನಾನೂ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಫೆಬ್ರವರಿಯಲ್ಲಿ ಮೂರು ತಿಂಗಳಿಗೆಂದು ಬಂದರು. ಮಾರ್ಚಿನಲ್ಲಿ ವಿಮಾನಗಳು ನಿಂತವು.

ನನ್ನ ಕೋಣೆ ಮಂಚ ಮತ್ತು ಮೇಜು ಹಿಡಿಯುವಷ್ಟಿತ್ತು. ಕಿಟಕಿ ಪೂರ್ವಕ್ಕೆ. ಪರದೆ ಇರಲಿಲ್ಲ. ಜೂನಿನಲ್ಲಿ ನಾಲ್ಕೂವರೆಗೇ ಬೆಳಕು ಮುಖದ ಮೇಲೆ ಬೀಳುತ್ತಿತ್ತು. ಒಂದು ಬೆಡ್‌ಶೀಟನ್ನು ಡ್ರಾಯಿಂಗ್ ಪಿನ್ ಚುಚ್ಚಿ ನಿಲ್ಲಿಸಿದ್ದೆ. ವಾರಕ್ಕೊಮ್ಮೆ ಒಂದು ಮೂಲೆ ಕಳಚಿ ಬೀಳುತ್ತಿತ್ತು. ಪರದೆ ಕೊಳ್ಳುವುದೆಂದರೆ ಆ ಕೋಣೆಯಲ್ಲಿ ಇನ್ನೂ ಇರುತ್ತೇನೆ ಎಂದು ಹೇಳಿದ ಹಾಗೆ. ಡಬ್ಲಿನ್ನಿನಲ್ಲಿ ಕೋಣೆ ಹುಡುಕುವುದು ಏನೆಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಹನ್ನೊಂದು ಮನೆಗಳ ಬಾಗಿಲಲ್ಲಿ ಸಾಲು ನಿಂತಿದ್ದೆ. ಆ ವರ್ಷವಂತೂ ಅಪರಿಚಿತರನ್ನು ಯಾರೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಬೇಸ್‌ಬಾಲ್ ನಮ್ಮ ನಡುವೆ ಬಂದದ್ದು ಕ್ರಿಕೆಟ್ ನಿಂತದ್ದರಿಂದ. ಆ ವಸಂತದಲ್ಲಿ ಜಗತ್ತಿನಲ್ಲಿ ಎಲ್ಲ ಆಟಗಳೂ ನಿಂತಿದ್ದವು. ಕೊರಿಯಾದಲ್ಲಿ ಮಾತ್ರ ಖಾಲಿ ಮೈದಾನಗಳಲ್ಲಿ ಬೇಸ್‌ಬಾಲ್ ಶುರುವಾಯಿತು. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಎಂಟು ಜನ ಸೇರಿ ಅದರ ಮೇಲೆ ಒಂದು ಲೀಗ್ ಮಾಡಿದೆವು. ಒಬ್ಬೊಬ್ಬರೂ ಕೊರಿಯಾದ ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟುವುದು. ಅವರು ಅಲ್ಲಿ ಆಡಿದ್ದಕ್ಕೆ ಇಲ್ಲಿ ನಮಗೆ ಅಂಕ. ನಿಯಮ ಬರೆದವರು ಗಾಲ್ವೇ ಊರಿನ ಆಸ್ಪತ್ರೆಯಲ್ಲಿದ್ದ ಒಬ್ಬ ಡಾಕ್ಟರು. ಅವರು ಅಮೆರಿಕದಲ್ಲಿ ಎರಡು ವರ್ಷ ಇದ್ದು ಬಂದವರು. ಆದರೂ ತಂಡಕ್ಕೆ ಹನ್ನೊಂದು ಜನ ಎಂದರು, ಬೇಸ್‌ಬಾಲಿನಲ್ಲಿ ಒಂಬತ್ತೇ ಎಂದು ಗೊತ್ತಿದ್ದೂ. ಪಿಚರ್‌ಗಳನ್ನು ನಾವು ಬೌಲರ್ ಎನ್ನುತ್ತಿದ್ದೆವು. ತಂಡಕ್ಕೊಬ್ಬ ನಾಯಕನೂ ಬೇಕೆಂದಾಯಿತು. ನಾಯಕ ಮೈದಾನಕ್ಕಿಳಿದ ದಿನ ತಂಡಕ್ಕೆ ಹತ್ತು ಅಂಕ ಹೆಚ್ಚು. ಇಳಿಯದ ದಿನ ಆ ಹತ್ತು ಇಲ್ಲ. ಬೇಸ್‌ಬಾಲಿನ ಒಳ್ಳೆಯ ಬೌಲರ್ ಐದು ದಿನಕ್ಕೊಮ್ಮೆ ಮಾತ್ರ ಆಡುತ್ತಾನೆ, ಬ್ಯಾಟ್ಸ್‌ಮನ್ ದಿನವೂ ಆಡುತ್ತಾನೆ. ಹಾಗಾಗಿ ಎಂಟು ಜನರೂ ಬ್ಯಾಟ್ಸ್‌ಮನ್‌ಗಳನ್ನೇ ನಾಯಕರನ್ನಾಗಿ ಮಾಡಿಕೊಂಡಿದ್ದೆವು. ಅಂಕಗಳ ಶೀಟ್ ನನ್ನ ಬಳಿ ಇತ್ತು. ಕಂಪನಿಯಲ್ಲಿ ನನ್ನ ಕೆಲಸವೇ ಅದು, ಬೇರೆಯವರು ತುಂಬಿದ ಅಂಕಿಗಳಲ್ಲಿ ತಪ್ಪು ಹುಡುಕುವುದು.

ಭಾವ ಮೂರು ವಾರ ಆಡಿ ಬೇಸತ್ತು ತನ್ನ ತಂಡವನ್ನು ಅಪ್ಪನಿಗೆ ಕೊಟ್ಟುಬಿಟ್ಟ. “ನೀವೇ ನೋಡ್ಕೊಳ್ಳಿ ಅಪ್ಪಾ, ಮಗೂ ಜೊತೆ ಇದನ್ನೂ” ಎಂದ. ಆಗ ಆ ತಂಡ ಎಂಟರಲ್ಲಿ ಆರನೆಯದು.

ಕೊರಿಯಾದ ಸಂಜೆಯ ಪಂದ್ಯಗಳು ನಮಗೆ ಬೆಳಿಗ್ಗೆ ಹತ್ತೂವರೆಗೆ. ಅಕ್ಕ ಊಟದ ಮೇಜಿನಲ್ಲಿ, ಭಾವ ಮಲಗುವ ಕೋಣೆಯಲ್ಲಿ, ನಾನು ನನ್ನ ಕೋಣೆಯಲ್ಲಿ ಮೀಟಿಂಗ್‌ಗಳಲ್ಲಿರುತ್ತಿದ್ದೆವು. ಮೇಷ್ಟ್ರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಅಕ್ಷರವೂ ಅರ್ಥವಾಗದ ಕಾಮೆಂಟರಿ ಕೇಳುತ್ತಾ ನೋಟ್‌ಬುಕ್ಕಿನಲ್ಲಿ ಸ್ಕೋರ್ ಬರೆಯುತ್ತಿದ್ದರು. ಮೈದಾನದ ಕುರ್ಚಿಗಳಲ್ಲಿ ಜನರ ಬದಲು ಬೊಂಬೆಗಳನ್ನು ಕೂರಿಸಿದ್ದರು. ಮಗು ಪಂದ್ಯ ನೋಡುತ್ತಿದ್ದದ್ದು ಆ ಬೊಂಬೆಗಳಿಗಾಗಿ. “ತಾತ, ದ ಟೆಡ್ಡೀಸ್ ಆರ್ ಫ್ರೀಝಿನ್” ಎಂದು ಐರಿಷ್ ರಾಗದಲ್ಲಿ ಹೇಳುತ್ತಿತ್ತು. ಮೇಷ್ಟ್ರು “ಹೂಂ ಕಂದ, ಶಾಲು ಹೊದಿಸ್ಬೇಕು” ಎನ್ನುತ್ತಿದ್ದರು.

ಜುಲೈನಲ್ಲಿ ಒಂದು ದಿನ ಕಾಫಿಗೆ ಕೆಳಗಿಳಿದಾಗ ನನ್ನನ್ನು ಕೂಗಿದರು.

“ಬಾಮ್ಮಾ ಇಲ್ಲಿ, ಇದನ್ನ ನೋಡು.”

ಪಂದ್ಯವನ್ನು ಹಿಂದಕ್ಕೆ ಓಡಿಸಿ ತೋರಿಸಿದರು. ಎಳೆಯ ಬೌಲರ್ ಒಬ್ಬನ ಚೆಂಡು ಕೈತಪ್ಪಿ ಎದುರಿನ ಹಿರಿಯ ಬ್ಯಾಟ್ಸ್‌ಮನ್‌ನ ಬೆನ್ನಿಗೆ ಬಡಿಯಿತು. ಹುಡುಗ ಟೋಪಿ ತೆಗೆದು ಸೊಂಟದವರೆಗೆ ಬಗ್ಗಿ ನಿಂತ. ಹಿರಿಯ ಕೈ ಎತ್ತಿದ ಮೇಲೆಯೇ ಅವನು ಟೋಪಿ ಹಾಕಿಕೊಂಡ.

“ಎದುರಾಳಿ ತಂಡದವನಮ್ಮಾ. ಆದ್ರೂ ವಯಸ್ಸಿಗೆ ಕೊಡೋ ಮರ್ಯಾದೆ ಕೊಟ್ಟ. ಈ ಆಟ ನನಗೆ ಹಿಡಿಸಿದ್ದು ಇದಕ್ಕೇ.” ಅದನ್ನು ಇನ್ನೂ ಎರಡು ಸಲ ತೋರಿಸಿದರು. ಹಿರಿಯ ಆಟಗಾರರ ಬಗ್ಗೆ ಮಾತಾಡುವಾಗ ಅವರು ‘ಇವರು’, ‘ಅವರು’ ಎನ್ನುತ್ತಿದ್ದರು; ಇಪ್ಪತ್ತರ ಆಸುಪಾಸಿನವರೆಲ್ಲ ‘ಹುಡುಗ’. ನಾನು ಅದನ್ನು ಗಮನಿಸಿದೆ. ಅಷ್ಟೇ, ಆಗ.

ಅವರು ಊರಿಗೆ ಹೋಗಬೇಕಾಗಿತ್ತು. ಕಾರಣ ಒಬ್ಬ ಸ್ನೇಹಿತರು. ನಲವತ್ತು ವರ್ಷ ಇಬ್ಬರೂ ಒಂದೇ ಪಂದ್ಯಗಳಿಗೆ ಅಂಪೈರ್‌ಗಳಾಗಿ ನಿಂತವರು, ಒಬ್ಬರು ವಿಕೆಟ್ಟಿನ ಹಿಂದೆ, ಇನ್ನೊಬ್ಬರು ಲೆಗ್ ಕಡೆ. ಸ್ನೇಹಿತರಿಗೆ ಮೂತ್ರಪಿಂಡ ಹೋಗಿತ್ತು. ಮೇಷ್ಟ್ರು ಹೊರಡುವವರೆಗೆ ವಾರಕ್ಕೆ ಮೂರು ಸಲ ತಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಈಗ ಸ್ನೇಹಿತರು ಆಟೋದಲ್ಲಿ ಒಬ್ಬರೇ ಹೋಗುತ್ತಿದ್ದರು, ಸಿಕ್ಕಾಗ. ಸರ್ಕಾರ ಬಿಡುತ್ತಿದ್ದ ವಿಶೇಷ ವಿಮಾನಗಳಿಗೆ ರಾಯಭಾರ ಕಚೇರಿಯ ಫಾರಂ ತುಂಬಬೇಕಿತ್ತು, ಕಂಪ್ಯೂಟರಿನಲ್ಲಿ. ಮೇಷ್ಟ್ರಿಗೆ ಅದು ಬರುತ್ತಿರಲಿಲ್ಲ.

ಒಮ್ಮೆ ನನ್ನ ಬಾಗಿಲು ತಟ್ಟಿದರು. ಕೈಯಲ್ಲಿ ಪಾಸ್‌ಪೋರ್ಟ್ ಇತ್ತು.

“ಅಮ್ಮಾ, ಆ ಫಾರಂ ಸ್ವಲ್ಪ ತುಂಬಿ ಕೊಡ್ತೀಯಾ? ಇವನಿಗೆ ಪುರುಸೊತ್ತೇ ಇಲ್ಲ ಅಂತಾನೆ.”

“ಭಾವನ್ನೇ ಕೇಳಿ ಮೇಷ್ಟ್ರೇ. ನಾನು ತುಂಬಿದ್ರೆ ಸರಿ ಕಾಣಲ್ಲ.”

“ಹೌದು ಹೌದು. ಅದೂ ಸರೀನೇ” ಎಂದು ಪಾಸ್‌ಪೋರ್ಟನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಫಾರಂ ಹತ್ತು ನಿಮಿಷದ ಕೆಲಸ. ನಾನು ಆಗಲೇ ಅದನ್ನು ತೆರೆದು ನೋಡಿದ್ದೆ.

ಆ ರಾತ್ರಿ ಊಟಕ್ಕೆ ಕೂತಾಗ ಅವರು ಮಗನನ್ನು ಕೇಳಿದರು. ಭಾವ ಚಪಾತಿ ಹರಿಯುತ್ತಾ ಫೋನ್ ನೋಡುತ್ತಿದ್ದ.

“ಅಪ್ಪಾ, ಹೋಗಿ ಏನ್ ಮಾಡ್ತೀರಾ? ಅಲ್ಲಿ ಕೇಸ್ ಎಷ್ಟಿದೆ ಗೊತ್ತಾ?”

“ಅವನೊಬ್ಬನೇ ಆಗಿದಾನೆ ಕಣೋ.”

“ಫ್ರೆಂಡ್ ತಾನೇ ಮಾವ” ಎಂದಳು ಅಕ್ಕ. “ಅವರ ಮನೆಯವರು ಯಾರಾದ್ರೂ ನೋಡ್ಕೋತಾರೆ. ನಿಮ್ಮ ವೀಸಾ ಸರ್ಕಾರದವರೇ ಎಕ್ಸ್‌ಟೆಂಡ್ ಮಾಡ್ತಾ ಇದಾರೆ. ನಿಮಗೇನ್ ಅವಸರ? ಮಗೂನ ಬಿಡೋ ಕ್ರೆಷ್‌ನಲ್ಲಿ ಜಾಗ ಜನವರಿಗೆ ಅಂದಿದಾರೆ.”

ಮೇಷ್ಟ್ರು ಇನ್ನೊಮ್ಮೆ ಕೇಳಿದರು. ಆಗ ಭಾವ ನಗುತ್ತಾ ತಲೆ ಎತ್ತಿದ.

“ಒಂದ್ ಕೆಲ್ಸ ಮಾಡಿ. ಆ ಲೀಗ್ ಗೆಲ್ಲಿ. ಗೆದ್ರೆ ಮಾರನೇ ದಿನವೇ ನಾನೇ ಕೂತು ಫಾರಂ ತುಂಬ್ತೀನಿ. ಸೋತ್ರೆ ಜನವರಿವರೆಗೆ ಸುಮ್ನೆ ಇರ್ಬೇಕು. ಸರೀನಾ?”

“ಮಾವ ಗೆಲ್ಲೋದಾ!” ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

“ಮಾತು ಅಂದ್ರೆ ಮಾತು ತಾನೇ?” ಎಂದರು ಮೇಷ್ಟ್ರು.

“ಮಾತು ಅಪ್ಪಾ. ಅಂಪೈರ್ ಡಿಸಿಷನ್ ಫೈನಲ್.”

ಭಾವ ಅದನ್ನು ಗುಂಪಿಗೂ ಹಾಕಿದ. ನಗುವ ಮುಖಗಳು ಬಂದವು. ಸ್ಯಾಂಟ್ರಿ ಬಡಾವಣೆಯಲ್ಲಿದ್ದವನೊಬ್ಬ, “ಮೇಷ್ಟ್ರೇ, ಕಿಟಕಿ ಸೀಟೇ ಕೇಳಿ” ಎಂದು ಬರೆದ. ಮೇಷ್ಟ್ರು ಮಾರನೆಯ ದಿನ ಹೊಸ ನೋಟ್‌ಬುಕ್ ತರಿಸಿಕೊಂಡರು.

ಅವರು ಮೇಲೇರಿದ ರೀತಿಯನ್ನು ನಾನು ಶೀಟಿನಲ್ಲಿ ನೋಡಬಲ್ಲೆ. ಯಾವ ಬ್ಯಾಟ್ಸ್‌ಮನ್ ಮಳೆಯಲ್ಲಿ ಕೆಡುತ್ತಾನೆ, ಯಾರು ದೂರದ ಊರಿಗೆ ಹೋದಾಗ ಮೊದಲ ದಿನ ಮಂಕಾಗುತ್ತಾನೆ ಎಂದು ಬರೆದಿಟ್ಟುಕೊಂಡು, ವಾರಕ್ಕೊಬ್ಬರನ್ನು ಬದಲಿಸುತ್ತಾ, ಆಗಸ್ಟ್ ಮುಗಿಯುವಾಗ ಮೂರನೆಯ ಸ್ಥಾನಕ್ಕೆ ಬಂದರು. ಸೆಪ್ಟೆಂಬರಿನಲ್ಲಿ ಕ್ರಿಕೆಟ್ ಮತ್ತೆ ಶುರುವಾಯಿತು. ಉಳಿದವರು ಬೇಸ್‌ಬಾಲನ್ನು ಹೆಚ್ಚುಕಡಿಮೆ ಮರೆತರು. ಅಕ್ಟೋಬರಿನ ಮೊದಲ ವಾರ ಮೇಷ್ಟ್ರು ಮೊದಲನೆಯ ಸ್ಥಾನದಲ್ಲಿದ್ದರು, ಎರಡನೆಯವರಾದ ಗಾಲ್ವೇ ಡಾಕ್ಟರಿಗಿಂತ ಎಪ್ಪತ್ತು ಅಂಕ ಮುಂದೆ. ನಾನು ಏಳನೆಯವಳು.

ಅಕ್ಕ ಹುರುಳಿಕಾಯಿ ನಾರು ತೆಗೆಯುತ್ತಿದ್ದಾಗ ನನ್ನನ್ನು ಅಡುಗೆಮನೆಗೆ ಕರೆದಳು.

“ಶೀಟ್ ನಿನ್ ಹತ್ರ ಇದೆಯಲ್ಲ. ಮಾವ ನಿಜವಾಗ್ಲೂ ಗೆಲ್ತಾರೇನೇ?”

“ಹೀಗೇ ಹೋದ್ರೆ ಗೆಲ್ತಾರೆ ಅಕ್ಕ.”

ಅವಳು ಎರಡು ಕಾಯಿಯ ನಾರು ತೆಗೆದಳು. “ಇವ್ರು ಬಾಯ್‌ತಪ್ಪಿ ಆಡಿದ್ದು. ಎಲ್ಲರ ಮುಂದೆ ಹೇಳ್ಬಿಟ್ಟಿದಾರೆ, ಈಗ ಇಲ್ಲ ಅನ್ನೋಕಾಗಲ್ಲ. ಮಾವ ಹೋದ್ರೆ ಮಗೂನ ಯಾರ್ ನೋಡ್ಕೋತಾರೆ? ಮನೇಲೇ ಇದ್ದು ನೋಡ್ಕೊಳ್ಳೋ ಹುಡುಗಿ ಒಬ್ಬಳನ್ನ ಕೇಳಿ ಇಟ್ಟಿದೀನಿ, ಬ್ರೆಜಿಲ್ ಕಡೆಯವಳು. ಅವಳಿಗೆ ರೂಮ್ ಕೊಡ್ಬೇಕು. ಮಗೂ ಜೊತೆ ಮಲಗಲ್ಲ ಅಂತಾಳೆ. ನಿನಗೆ ಹೇಗೆ ಹೇಳೋದು ಅಂತ ಎರಡು ವಾರದಿಂದ ಸಂಕಟ ನನಗೆ.”

“ನಾನು ಶೀಟ್ ಮುಟ್ಟಲ್ಲ ಅಕ್ಕ.”

“ಅಯ್ಯೋ, ಮುಟ್ಟು ಅಂದ್ನಾ ನಾನು? ಆಟ ನಿಂಗೆ ಗೊತ್ತು ಅಂದೆ.” ಚಾಕುವಿನ ತುದಿಯಿಂದ ಕಾಯಿಗಳನ್ನು ಪಾತ್ರೆಗೆ ಸರಿಸಿದಳು. “ಇವತ್ತು ಇಲ್ಲೇ ಊಟ ಮಾಡು, ಪಲ್ಯ ಜಾಸ್ತಿ ಇದೆ.”

ಶೀಟ್ ಮುಟ್ಟುವ ಅಗತ್ಯ ಇರಲಿಲ್ಲ. ಡಾಕ್ಟರು ಬರೆದ ನಿಯಮಗಳಲ್ಲಿ ಒಂದು ಹೀಗಿತ್ತು: ಪ್ರತಿ ತಂಡವೂ ಮುಂದಿನ ವರ್ಷಕ್ಕೆ ಮೂವರನ್ನು ಉಳಿಸಿಕೊಳ್ಳಬಹುದು. ಅಮೆರಿಕದಲ್ಲಿ ಇದಕ್ಕೊಂದು ಪದ್ಧತಿ ಇದೆ ಎಂದು ಅವರೇ ವಿವರಿಸಿದ್ದರು. ಸೋಲುತ್ತಿರುವ ತಂಡ ತನ್ನ ಹಿರಿಯ, ಹೆಸರಾದ ಆಟಗಾರನನ್ನು ಗೆಲ್ಲುವ ತಂಡಕ್ಕೆ ಕೊಡುತ್ತದೆ. ಬದಲಿಗೆ ಎಳೆಯ ಆಟಗಾರನನ್ನು ಪಡೆದು ಮುಂದಿನ ವರ್ಷಕ್ಕೆ ತಂಡ ಕಟ್ಟುತ್ತದೆ. ಒಬ್ಬರಿಗೆ ಈ ವರ್ಷ, ಇನ್ನೊಬ್ಬರಿಗೆ ಮುಂದಿನ ವರ್ಷ. ಈ ಅದಲುಬದಲಿಗೆ, ಅಂದರೆ ಟ್ರೇಡ್‌ಗೆ, ಕೊನೆಯ ದಿನ ಲೀಗ್ ಮುಗಿಯಲು ಎರಡು ವಾರ ಇರುವಾಗ. ಆ ದಿನ ಹೇಳಿದ ನಾಯಕನೇ ಕೊನೆಯವರೆಗೆ, ಆಮೇಲೆ ಬದಲಿಸುವಂತಿಲ್ಲ.

ನನ್ನ ತಂಡದಲ್ಲಿ ಮೂವತ್ತೇಳು ವರ್ಷದ ಎಡಗೈ ಬೌಲರ್ ಒಬ್ಬನಿದ್ದ. ಆಡಿದ ದಿನ ಲೀಗಿನಲ್ಲಿ ಅವನಷ್ಟು ಅಂಕ ಯಾರೂ ತರುತ್ತಿರಲಿಲ್ಲ. ಮೇಷ್ಟ್ರ ತಂಡದ ನಾಯಕ ಇಪ್ಪತ್ತೊಂದು ವರ್ಷದ ಬ್ಯಾಟ್ಸ್‌ಮನ್, ಒಂದು ದಿನವೂ ತಪ್ಪದೆ ಆಡುವವನು. ಇಬ್ಬರನ್ನು ಅದಲುಬದಲು ಮಾಡಿದರೆ ಎರಡು ವಾರದಲ್ಲಿ ಬರುವ ಅಂಕ ಹೆಚ್ಚುಕಡಿಮೆ ಸಮ. ಮೇಷ್ಟ್ರು ಉಳಿದ ಬ್ಯಾಟ್ಸ್‌ಮನ್‌ಗಳಲ್ಲಿ ಯಾರನ್ನು ನಾಯಕನನ್ನಾಗಿ ಮಾಡಿದರೂ ದಿನದ ಹತ್ತು ಅಂಕ ಬರುತ್ತಲೇ ಇರುತ್ತದೆ, ಅವರು ಗೆಲ್ಲುತ್ತಾರೆ. ಬೌಲರನ್ನೇ ಮಾಡಿದರೆ ಹನ್ನೆರಡು ಆಟದ ದಿನಗಳಲ್ಲಿ ಒಂಬತ್ತೋ ಹತ್ತೋ ದಿನ ಹತ್ತತ್ತು ಹೋಗುತ್ತದೆ, ಸೋಲುತ್ತಾರೆ. ಎಂಟು ಜನರಲ್ಲಿ ಏಳು ಜನ ಹಾಗೆ ಮಾಡುವವರಲ್ಲ. ನಾನು ಎರಡು ಲೆಕ್ಕವನ್ನೂ ಬೇರೆ ಬೇರೆ ಹಾಳೆಯಲ್ಲಿ ಮಾಡಿ, ಸರಿ ನೋಡಿ, ಎರಡನ್ನೂ ಅಳಿಸಿದೆ.

ಪ್ರಸ್ತಾಪವನ್ನು ಗುಂಪಿನಲ್ಲೇ ಹಾಕಬೇಕೆಂಬುದು ನಿಯಮ. ಮೂರು ವಾಕ್ಯ ಬರೆದೆ. ‘ನನ್ನ ತಂಡಕ್ಕೆ ಈ ವರ್ಷ ಅವಕಾಶವಿಲ್ಲ, ಮುಂದಿನ ವರ್ಷಕ್ಕೆ ಕಟ್ಟುತ್ತಿದ್ದೇನೆ. ಮೇಷ್ಟ್ರಿಗೆ ನನ್ನ ಎಡಗೈ ಬೌಲರ್, ನನಗೆ ಅವರ ಎಳೆಯ ಬ್ಯಾಟ್ಸ್‌ಮನ್. ಯಾರಿಗಾದರೂ ಆಕ್ಷೇಪವಿದ್ದರೆ ನಾಳೆಯೊಳಗೆ ತಿಳಿಸಿ.’

“ಮೇಷ್ಟ್ರಿಗೆ ಲಾಟರಿ” ಎಂದು ಸ್ಯಾಂಟ್ರಿಯವನು ಬರೆದ. “ಇಂಥಾ ಬೌಲರ್‌ನ ಯಾರಾದ್ರೂ ಬಿಟ್ಟುಕೊಡ್ತಾರಾ?” ಎಂದ ಇನ್ನೊಬ್ಬ. ಡಾಕ್ಟರು ಡ್ಯೂಟಿಯ ನಡುವೆ “ಗ್ರ್ಯಾಂಡ್” ಎಂದು ಒಂದು ಪದ ಹಾಕಿದರು, ಐರಿಷರ ‘ಸರಿ’ ಅದು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ನೋಟ್‌ಬುಕ್, ಪೆನ್ಸಿಲ್, ಸ್ಕೇಲ್ ಹಿಡಿದು ಅಡುಗೆಮನೆಯ ಮೇಜಿಗೆ ಬಂದರು. ಮಗು ಇನ್ನೂ ಎದ್ದಿರಲಿಲ್ಲ.

“ಏನಮ್ಮಾ, ನಿಮ್ಮ ಯಜಮಾನ್ರನ್ನ ನನಗೆ ಕೊಡ್ತೀಯಂತೆ?” ಬೌಲರನ್ನು ಅವರು ಹಾಗೆ ಕರೆಯುತ್ತಿದ್ದರು.

“ಹೌದು ಮೇಷ್ಟ್ರೇ. ನಂದು ಹೇಗೂ ಏಳನೇದು. ನನಗೆ ಮುಂದಿನ ವರ್ಷಕ್ಕೆ ಹುಡುಗ್ರು ಬೇಕು. ನಿಮಗೆ ಈ ವರ್ಷ ಬೇಕು.”

“ನನಗೆ ಈ ವರ್ಷವೇ ಬೇಕು” ಎಂದರು. ಸ್ಕೇಲನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿದರು. “ನಿನ್ನೆ ಫೋನಲ್ಲಿ ಅವನೇನಂದ ಗೊತ್ತಾ? ‘ಲೇಯ್, ಲೆಗ್ ಅಂಪೈರ್ ಇಲ್ದೆ ಎಷ್ಟು ದಿನ ಆಡ್ಸೋದೋ’ ಅಂತಾನೆ. ಅಂದು ನಗ್ತಾನೆ. ಕಾಲು ಊದಿದೆ ಅವನಿಗೆ. ಕ್ಯಾಮೆರಾ ಸ್ವಲ್ಪ ಕೆಳಗೆ ಹಿಡಿಯೋ ಅಂದ್ರೆ ಹಿಡಿಯಲ್ಲ.”

ನಾನು ಕಾಫಿ ಸುರಿದುಕೊಂಡೆ. ಅವರಿಗೂ ಅರ್ಧ ಲೋಟ ಕೊಟ್ಟೆ.

“ಇದು ಸರಿಯಾದ ಟ್ರೇಡ್ ತಾನೇನಮ್ಮಾ, ನಿನ್ನ ಲೆಕ್ಕದಲ್ಲಿ?”

“ಕಾಗದದ ಮೇಲೆ ಇಬ್ಬರಿಗೂ ಸಮ ಮೇಷ್ಟ್ರೇ. ಡಾಕ್ಟ್ರೂ ಒಪ್ಪಿದಾರೆ.”

“ಹುಡುಗ ಹೋದ್ರೆ ನಾಯಕನ ಹತ್ತು?”

“ಬೇರೆ ಯಾರು ದಿನಾ ಆಡ್ತಾರೋ ಅವರಿಗೆ ಕೊಟ್ರೂ ಬರುತ್ತೆ.”

ಇದೂ ನಿಜವೇ. ಅವರು ಪಟ್ಟಿಯ ಮೇಲೆ ಪೆನ್ಸಿಲ್ಲಿನ ಹಿಂಬದಿ ಓಡಿಸಿದರು. ಮೂರನೆಯ ಹೆಸರಿನ ಹತ್ತಿರ ನಿಂತಿತು.

“ಹಾಗಾದ್ರೆ ಇವನಿಗೆ ಕೊಡ್ಲಾ? ದಿನಾ ಆಡ್ತಾನೆ. ತಂಟೆ ಇಲ್ಲ.”

“ಕೊಡಬಹುದು ಮೇಷ್ಟ್ರೇ” ಎಂದೆ. ಲೋಟ ಕೆಳಗಿಟ್ಟೆ. “ಅವನಿಗೆ ಇಪ್ಪತ್ತೆರಡು ವರ್ಷ.”

ಪೆನ್ಸಿಲ್ ಅಲ್ಲಿಯೇ ಇತ್ತು.

“ನಿಮ್ಮ ಯಜಮಾನ್ರಿಗೆ?”

“ಮೂವತ್ತೇಳು. ಮೊದಲಿಂದ ಒಂದೇ ತಂಡಕ್ಕೆ ಆಡ್ತಾ ಇದಾರೆ.”

ಮೇಷ್ಟ್ರು ಕಿಟಕಿಯ ಆಚೆ ನೋಡಿದರು. ಹಸಿರು ಕಸದ ಡಬ್ಬಿಯ ಮೇಲೆ ಕಪ್ಪುಬಿಳುಪಿನ ಮ್ಯಾಗ್‌ಪೈ ಹಕ್ಕಿಯೊಂದು ಕುಳಿತಿತ್ತು. “ಲೆಕ್ಕ ನನಗೂ ಬರುತ್ತಮ್ಮಾ” ಎಂದರು. “ಐದು ದಿನಕ್ಕೊಂದು ಸಲ ಅವರು. ಆದ್ರೆ ಅಂಥೋರು ತಂಡಕ್ಕೆ ಬಂದ ಮೇಲೆ ಇವನನ್ನ ನಾಯಕ ಅನ್ನೋದು ಹೇಗೆ? ನಾಳೆ ಇವನು ಅವರ ಮುಂದೆ ಹೇಗೆ ನಿಲ್ತಾನೆ?”

ಆ ಇಬ್ಬರು ಕೊರಿಯಾದಲ್ಲಿ ಬೇರೆ ಬೇರೆ ಊರಿನ ತಂಡಗಳಿಗೆ ಆಡುತ್ತಿದ್ದರು. ಒಬ್ಬರ ಮುಂದೆ ಒಬ್ಬರು ನಿಲ್ಲುವ ತಂಡ ಇದ್ದದ್ದು ಆ ನೋಟ್‌ಬುಕ್ಕಿನಲ್ಲಿ ಮಾತ್ರ. ಅದನ್ನು ನಾನು ಹೇಳಬಹುದಾಗಿತ್ತು. “ಅದು ನಿಮ್ಮಿಷ್ಟ ಮೇಷ್ಟ್ರೇ” ಎಂದೆ.

ಅವರು ಜೇಬಿನಿಂದ ಔಷಧಿಯ ಮುಚ್ಚಳ ತೆಗೆದರು.

ಮುಂದಿನ ಎರಡು ವಾರ ದಿನವೂ ಹತ್ತೂವರೆಗೆ ಟಿವಿ ಹಾಕಿದ ಸದ್ದು ಮೇಲಿನವರೆಗೂ ಕೇಳುತ್ತಿತ್ತು. ಬೌಲರ್ ಆಡದ ದಿನ ನೋಟ್‌ಬುಕ್ಕಿನ ನಾಯಕನ ಕಾಲಮ್ಮಿನಲ್ಲಿ ಮೇಷ್ಟ್ರು ಗೀಟು ಎಳೆದು ಬಿಡುತ್ತಿರಲಿಲ್ಲ, ಸೊನ್ನೆ ಬರೆಯುತ್ತಿದ್ದರು. ನಾಲ್ಕು ಸೊನ್ನೆಗಳಾದ ಮೇಲೆ ಬೌಲರ್ ಆಡಿದ. ಎಂಥ ಆಟ ಎಂದರೆ, ಮೀಟಿಂಗಿನ ನಡುವೆ ಮೇಷ್ಟ್ರ ಚಪ್ಪಾಳೆ ಕೇಳಿ ನನ್ನ ಮ್ಯಾನೇಜರ್ ಯಾರ ಮನೆಯಲ್ಲಿ ಹುಟ್ಟುಹಬ್ಬ ಎಂದು ಕೇಳಿದ. ಆ ದಿನ ಅವರು ಮತ್ತೆ ಎಂಬತ್ತಕ್ಕೂ ಹೆಚ್ಚು ಅಂಕ ಮುಂದೆ ಹೋದರು. ಅಳಿಸಿದ್ದ ಲೆಕ್ಕವನ್ನು ನಾನು ಮತ್ತೆ ಮಾಡಿ ನೋಡಿದೆ. ಮತ್ತೆ ಸೊನ್ನೆಗಳು ಶುರುವಾದವು.

ನನಗೆ ಬಂದ ಹುಡುಗ ಚೆನ್ನಾಗಿ ಆಡಿದ. ನಾನು ಏಳರಿಂದ ಐದಕ್ಕೆ ಏರಿದೆ. “ನೋಡ್ದೆಯಾ, ನಾನು ಬೆಳೆಸಿದ ಹುಡುಗ” ಎಂದು ಮೇಷ್ಟ್ರು ಹೆಮ್ಮೆಯಿಂದ ಹೇಳಿದರು. ಆ ವಾರ ಮನೆಯಿಂದ ಐದು ಕಿಲೋಮೀಟರಿನ ಆಚೆ ಹೋಗಬಾರದೆಂಬ ನಿರ್ಬಂಧ ಮತ್ತೆ ಬಂದಿತ್ತು. ಅವರು ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ರೈಲು ನಿಲ್ದಾಣದವರೆಗೆ ಹೋಗಿ, ಖಾಲಿ ರೈಲು ಹೋಗುವುದನ್ನು ನೋಡಿ ಬರುತ್ತಿದ್ದರು.

ಕೊನೆಯ ವಾರ ಅಲ್ಲಿ ಮಳೆ ಬಂದು ಬೌಲರಿನ ಒಂದು ಪಂದ್ಯ ಮುಂದಕ್ಕೆ ಹೋಯಿತು. ಒಟ್ಟು ಎರಡು ಸಲ ಆಡಿದ. ಹತ್ತು ಸೊನ್ನೆಗಳು. ಕೊನೆಯ ಪಂದ್ಯ ಮುಗಿದ ಮೇಲೆ ನಾನು ಶೀಟ್ ತುಂಬಿ ಎರಡು ಸಲ ಪರೀಕ್ಷಿಸಿ ಗುಂಪಿಗೆ ಹಾಕಿದೆ. ಡಾಕ್ಟರು ಹನ್ನೊಂದು ಅಂಕಗಳಿಂದ ಗೆದ್ದಿದ್ದರು. ಅವರ ಉತ್ತರ ಸಂಜೆ ಬಂತು. “ಓ, ನಾನಾ? ಇನ್ನೂ ನಡೀತಾ ಇತ್ತಾ ಅದು? ಗ್ರ್ಯಾಂಡ್.”

ಊಟಕ್ಕೆ ಕೂತಾಗ ಭಾವನಿಗೆ ಸಂತೋಷ ತಡೆಯಲಾಗುತ್ತಿರಲಿಲ್ಲ. ಮುಗಿದ ಮೇಲೆ ಉದಾರನಾಗುವ ಸಂತೋಷ ಅದು.

“ಹನ್ನೊಂದೇ ಅಂಕ ಅಪ್ಪಾ! ಛೇ! ಐದು ದಿನಕ್ಕೊಂದ್ಸಲ ಬರೋನನ್ನ ಯಾರಾದ್ರೂ ಕ್ಯಾಪ್ಟನ್ ಮಾಡ್ತಾರಾ? ಈ ಮಗೂನ ಕೇಳಿದ್ರೂ ಹೇಳ್ತಾ ಇದ್ಲು. ಅಲ್ವಾ ಪುಟ್ಟಿ? ಯಾರ್ ಸೋತಿದ್ದು? ಹೂ ಲಾಸ್ಟ್?”

“ತಾತ ಲಾಸ್ಟ್!” ಎಂದು ಮಗು ಚಮಚದಿಂದ ತಟ್ಟೆ ಬಡಿಯಿತು. “ಪೋರ್ ಓಲ್ಡ್ ತಾತ!”

“ಬಿಡಿ ಮಾವ, ಆಟ ತಾನೇ. ಇನ್ನೊಂದ್ ಚಪಾತಿ ಹಾಕ್ಲಾ?” ಅಕ್ಕ ನನ್ನ ಕಡೆ ನೋಡಲಿಲ್ಲ. ನನ್ನ ತಟ್ಟೆಗೆ ತುಪ್ಪ ಬಡಿಸಿದಳು.

“ಔಟ್ ಅಂದ್ರೆ ಔಟ್” ಎಂದರು ಮೇಷ್ಟ್ರು. ನಲವತ್ತು ವರ್ಷ ಶಾಲೆಯ ಹುಡುಗರಿಗೆ ಹೇಳಿದ್ದು ಅದನ್ನೇ ಇರಬೇಕು: ಬೆರಳು ಎತ್ತಿದ ಮೇಲೆ ವಾದ ಮಾಡಬಾರದು, ಹಿಂದೆ ತಿರುಗಿ ನೋಡದೆ ನಡೆಯಬೇಕು. ಫಾರಂ, ವಿಮಾನ, ಸ್ನೇಹಿತರು ಯಾವ ಮಾತನ್ನೂ ಅವರು ಎತ್ತಲಿಲ್ಲ. ಭಾವ ಅದಕ್ಕೆ ಒಂದು ಕ್ಷಣ ಕಾದ. ಆಮೇಲೆ ಫೋನ್ ತೆಗೆದುಕೊಂಡ.

ಮೇಷ್ಟ್ರು ನನ್ನ ಕಡೆ ತಿರುಗಿದರು. “ನೀನು ಸರಿಯಾಗೇ ಕೊಟ್ಟೆ ಅಮ್ಮಾ. ಕೆಡಿಸಿಕೊಂಡಿದ್ದು ನಾನು. ಆದ್ರೆ ಇನ್ನೊಂದ್ಸಲ ಆಡಿದ್ರೂ ಅವರಿಗೇ ಕೊಡ್ತೀನಿ.”

“ಗೊತ್ತು ಮೇಷ್ಟ್ರೇ” ಎಂದೆ.

ಬಾಯಿಂದ ಬಂದ ಮೇಲೆ ಅದು ಬೇಡದ ಮಾತಾಗಿತ್ತು ಎಂದು ತಿಳಿಯಿತು. ಅವರು ನನ್ನನ್ನು ನೋಡಿದರು, ಒಂದು ಮಾತಿಗೆ ನೋಡಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. ಆಮೇಲೆ ಚಪಾತಿಯನ್ನು ನಾಲ್ಕಾಗಿ ಮಡಚಿ ಮಗುವಿನ ತಟ್ಟೆಗೆ ಹರಿದು ಹಾಕತೊಡಗಿದರು.

ಕ್ರೆಷ್‌ನಲ್ಲಿ ಹೇಳಿದಂತೆ ಜನವರಿಗೆ ಜಾಗ ಸಿಕ್ಕಿತು. ಸ್ನೇಹಿತರು ಡಿಸೆಂಬರಿನಲ್ಲಿ ಹೋದರು. ಮೇಷ್ಟ್ರು ಅಂತ್ಯಕ್ರಿಯೆಯನ್ನು ಫೋನಿನ ಪರದೆಯಲ್ಲಿ ನೋಡಿದರು. ಅದು ಆಮೇಲಿನದು. ಅಂದು ರಾತ್ರಿ ನನ್ನ ಕೋಣೆಗೆ ಬಂದಾಗ ಬೆಡ್‌ಶೀಟಿನ ಒಂದು ಮೂಲೆ ಮತ್ತೆ ಕಳಚಿ ಬಿದ್ದಿತ್ತು. ಹಾಗೆಯೇ ಬಿಟ್ಟು ಮಲಗಿದೆ.

ಮಾರನೆಯ ಬೆಳಿಗ್ಗೆ ಪಿನ್ನುಗಳನ್ನೆಲ್ಲ ಕಿತ್ತು ಬೆಡ್‌ಶೀಟನ್ನು ಒಗೆಯಲು ಹಾಕಿದೆ. ಭಾವನ ಉಪಕರಣಗಳ ಪೆಟ್ಟಿಗೆಯಿಂದ ಅಳತೆ ಟೇಪ್ ತಂದೆ. ಕಿಟಕಿ ಒಬ್ಬಳೇ ಅಳೆಯುವಷ್ಟೇ ಇತ್ತು. ಎದುರು ಕೋಣೆಯ ಬಾಗಿಲು ತಟ್ಟಿ, “ಮೇಷ್ಟ್ರೇ, ಒಂದು ತುದಿ ಹಿಡ್ಕೋತೀರಾ?” ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಬಂದು ಟೇಪಿನ ತುದಿಯನ್ನು ಚೌಕಟ್ಟಿಗೆ ಒತ್ತಿ ಹಿಡಿದರು. “ಸರಿಯಾಗಿ ನೋಡು, ಆಮೇಲೆ ಗಿಡ್ಡ ಆದ್ರೆ ಕಷ್ಟ” ಎಂದರು. ಅಗಲ ಓದಿದೆ, ಎತ್ತರ ಓದಿದೆ. ಅವರು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕೆಂಪು ಪೆನ್ಸಿಲ್ಲಿನಿಂದ ಬರೆದುಕೊಂಡು, ಹಾಳೆಯನ್ನು ಸ್ಕೇಲಿಟ್ಟು ಹರಿದು ನನ್ನ ಕೈಗೆ ಕೊಟ್ಟರು. ನಾನು ಕೂತು ಪರದೆ ಆರ್ಡರ್ ಮಾಡಿದೆ, ಬೆಳಕು ಒಂದಿಷ್ಟೂ ಒಳಗೆ ಬಿಡದಂಥದು.